ಯಾವ ಒತ್ತಡ?

ಈ ಕತೆಗೆ ಕೈಹಾಕಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಣ್ಣಿನ ವಿಚಾರ ಕಣ್ಣಿನ ಡಾಕ್ಟರು ಹೇಳಬೇಕು, ಧ್ಯಾನದ ವಿಚಾರ ಕೂತು ಧ್ಯಾನ ಮಾಡಿದವರು ಹೇಳಬೇಕು. ಎರಡೂ ಅಲ್ಲದವರು ಹೇಳಹೊರಟರೆ ಎಲ್ಲಾದರೂ ತಪ್ಪು ನುಸುಳೀತು. ಅಜ್ಜಂಪುರದ ಭಾಗಮ್ಮನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಎಂಬ ಒಂದೇ ಕಾರಣಕ್ಕೆ ಇಷ್ಟು ಧೈರ್ಯ.

ಭಾಗಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹದಿನಾರು ವರ್ಷದಿಂದ ಅದೇ ಒಲೆ, ಅದೇ ಪಾತ್ರೆ. ಹೋದ ವರ್ಷ ಮಾತ್ರ ಎಡಗಡೆ ಇಟ್ಟಿದ್ದ ಸಾರಿನ ಪಾತ್ರೆ ಎರಡು ಸಲ ಕಾಲಿಗೆ ತಗುಲಿ ಉರುಳಿತು. ನೋಡಿಕೊಂಡು ನಡೆಯಬಾರದೇ ಎಂದು ಜೊತೆಯವಳು ಬೈದಳು. ನೋಡಿಕೊಂಡೇ ನಡೆದಿದ್ದೆನಲ್ಲ ಎಂದು ಭಾಗಮ್ಮನಿಗೆ ದಿಗಿಲಾಯಿತು.

ತರೀಕೆರೆಯ ಕಣ್ಣಿನ ಡಾಕ್ಟರಮ್ಮ ಪರೀಕ್ಷೆ ಮಾಡಿ ಗ್ಲಾಕೋಮಾ ಎಂದರು. ಕಣ್ಣಿನೊಳಗೆ ಒತ್ತಡ ಏರಿದೆ, ಅದು ನರವನ್ನು ಹಾಳುಮಾಡುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದರು. ಡ್ರಾಪ್ಸ್ ಬರೆದುಕೊಟ್ಟು, ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ ಎಂದರು. ಭಾಗಮ್ಮ ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಉರುಹೊಡೆದದ್ದು ಒಂದೇ ಮಾತು: ಒತ್ತಡ ಇಳಿಯಬೇಕು.

ಎರಡು ತಿಂಗಳಾದ ಮೇಲೆ ಕಡೂರಿನಲ್ಲಿ ಒಂದು ಸಂಸ್ಥೆಯವರು ಗ್ಲಾಕೋಮಾ ಇದ್ದವರಿಗೆಂದೇ ಧ್ಯಾನದ ತರಗತಿ ಶುರುಮಾಡಿದರು. ಎಂಟು ಶನಿವಾರ. ವೇದಿಕೆಯ ಹಿಂದೆ ಕಟ್ಟಿದ್ದ ಬ್ಯಾನರಿನಲ್ಲಿ ದಪ್ಪಕ್ಷರ: ಧ್ಯಾನ ಮಾಡಿ, ಒತ್ತಡ ಇಳಿಸಿ. ಭಾಗಮ್ಮ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಡಾಕ್ಟರಮ್ಮನ ಮಾತೇ ಇಲ್ಲಿಯೂ ಬರೆದಿತ್ತು.

ಧ್ಯಾನ ಅವಳಿಗೆ ಹೊಸದಲ್ಲ. ಮನೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರದು. ಹುಣ್ಣಿಮೆಯ ದಿನ ಎಲ್ಲರೂ ಸಾಲಾಗಿ ಕೂತು ಉಸಿರು ಗಮನಿಸುವುದು ಮಾವನ ಕಾಲದಿಂದ ಬಂದದ್ದು. ಇದ್ದದ್ದನ್ನು ಇದ್ದ ಹಾಗೆ ನೋಡು ಎಂದು ಮಾವ ಹೇಳುತ್ತಿದ್ದರು. ಅದರಿಂದ ಕಣ್ಣಿನ ಒತ್ತಡ ಇಳಿಯುತ್ತದೆಂದು ಮಾತ್ರ ಅವರೂ ಹೇಳಿರಲಿಲ್ಲ.

ಕಲಿಸುತ್ತಿದ್ದವರು ವಿಶ್ವಾರಾಧ್ಯ, ಬಿಳಿ ಜುಬ್ಬಾ, ಮೆತ್ತನೆಯ ದನಿ. ಎರಡನೇ ಶನಿವಾರ ಎಲ್ಲರೂ ಎದ್ದು ಹೊರಡುವಾಗ ಭಾಗಮ್ಮ ಅವರ ಹತ್ತಿರ ಹೋಗಿ ಕೇಳಿದಳು.

"ಸಾರ್, ಒತ್ತಡ ಪೂರ್ತಿ ಇಳಿದ್ರೆ ಔಷ್ದಿ ಬ್ಯಾಡ್ವಾ?"

ಅವರು ನಕ್ಕರು. "ಒತ್ತಡವೇ ಇಲ್ಲ ಅಂದಮೇಲೆ ಔಷಧಿ ಯಾಕಮ್ಮ?"

ಆ ಸಂಜೆಯಿಂದ ಡ್ರಾಪ್ಸ್ ಬಾಟಲಿ ಗೋಡೆಯ ಗೂಡಿನಲ್ಲೇ ಉಳಿಯಿತು. ಹೇಗೂ ಅದನ್ನು ಹಾಕಿಕೊಂಡರೆ ಕಣ್ಣು ಉರಿಯುತ್ತಿತ್ತು. ಹನಿ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಭಾಗಮ್ಮ ಕಣ್ಣು ಮುಚ್ಚಿ ಕೂತಳು, ಒಂದು ದಿನವೂ ತಪ್ಪಲಿಲ್ಲ. ನಿಜ ಹೇಳಬೇಕೆಂದರೆ ಮನಸ್ಸು ಹಗುರಾಯಿತು. ಕುರುಡಿಯಾಗಿಬಿಡುತ್ತೇನೆ ಎಂಬ ಭಯ ಹಿಂದೆ ಸರಿಯಿತು, ನಿದ್ದೆ ಬಂತು, ಅಡುಗೆಮನೆಯಲ್ಲಿ ರೇಗುವುದು ನಿಂತಿತು. ಏಳನೇ ಶನಿವಾರ ಸಂಸ್ಥೆಯ ಹುಡುಗಿ ಅನುಷಾ ನಾಲ್ಕು ಹಾಳೆಯ ಫಾರಂ ಹಿಡಿದು ಎದುರು ಕೂತು ಪ್ರಶ್ನೆ ಓದಿದಳು. ಒತ್ತಡ ಇಳಿದಿದೆಯೇ, ಹತ್ತಕ್ಕೆ ಎಷ್ಟು? ಹತ್ತಕ್ಕೆ ಹತ್ತು ಹಾಕವ್ವ ಎಂದಳು ಭಾಗಮ್ಮ. ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದೀರಾ ಎಂಬ ಪ್ರಶ್ನೆ ಆ ನಾಲ್ಕು ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಆ ವಾರವೇ ತರೀಕೆರೆಗೆ ಹೋಗುವ ಸರದಿ ಬಂತು. ಡ್ರಾಪ್ಸ್ ಹಾಕುವಾಗ ಹದಿನಾರಕ್ಕೆ ಇಳಿದಿದ್ದ ಒತ್ತಡ ಈಗ ಇಪ್ಪತ್ತೊಂಬತ್ತು. ಗಲ್ಲ ಊರಿ ಕೂತು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಬಟನ್ ಒತ್ತುವ ಪರೀಕ್ಷೆಯ ಕಾಗದದಲ್ಲಿ ಎಡಗಡೆಯ ಕಪ್ಪು ಮೊದಲಿಗಿಂತ ಹರಡಿತ್ತು. ಡ್ರಾಪ್ಸ್ ಯಾಕೆ ಬಿಟ್ಟಿರಿ ಎಂದು ಡಾಕ್ಟರಮ್ಮ ಕೇಳಿದಾಗ, ಧ್ಯಾನದಲ್ಲೇ ಒತ್ತಡ ಇಳಿಸಿದೆನಲ್ಲ ಎಂದು ಭಾಗಮ್ಮ ಹೆಮ್ಮೆಯಿಂದಲೇ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವರು ಹೇಳಿದ್ದು ಮನಸ್ಸಿನ ಒತ್ತಡ ಕಣಮ್ಮ. ಇದು ಕಣ್ಣಿನದು. ಹೆಸರು ಮಾತ್ರ ಒಂದೇ."

ಧ್ಯಾನ ಬೇಡವೆನ್ನುವುದಿಲ್ಲ, ಆದರೆ ಡ್ರಾಪ್ಸ್ ಜಾಗಕ್ಕೆ ಅದು ಬರುವುದಿಲ್ಲ ಎಂದು ಬಿಡಿಸಿ ಹೇಳಿದರು. ಮನೆಗೆ ಬಂದು ಗಂಡ ಕೆಂಪರಾಜುವಿಗೆ ಹೇಳಿದರೆ, ಊರಿಗೆ ನೀರು ಬಿಡುವ ಕೆಲಸದ ಅವನು ತನ್ನ ಲೆಕ್ಕದಲ್ಲೇ ಮಾತಾಡಿದ. "ಪೈಪಿನಾಗೆ ಪ್ರೆಶರ್ ಏರಿದ್ರೆ ವಾಲ್ವ್ ತಿರುವ್ತೀನಿ ಕಣೇ. ಪೈಪಿನ ಮುಂದೆ ಕಣ್ಣು ಮುಚ್ಕೊಂಡು ಕೂತ್ಕತೀನಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದಳು. ಅಂದು ಮೊದಲು ಅವನ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ. ಬಾಟಲಿ ತೆಗೆಯಲು ಗೂಡಿಗೆ ಕೈಹಾಕಿದಾಗ ಅದರ ಮೇಲಿನ ಆರು ವಾರದ ಧೂಳು ಕೈಗೆ ಹತ್ತಿತು. ಆಗ ಸಿಟ್ಟು ತಾನು ಹೋಗಬೇಕಾದ ಕಡೆಗೆ, ಔಷಧಿ ಯಾಕಮ್ಮ ಎಂದು ನಕ್ಕವರ ಕಡೆಗೆ ತಿರುಗಿತು.

ಎಂಟನೇ ಶನಿವಾರ ಸಮಾರೋಪ. ಮೈಕಿನಲ್ಲಿ ವಿಶ್ವಾರಾಧ್ಯರು, ಹತ್ತಕ್ಕೆ ಹತ್ತು ಪಡೆದ ತಾಯಿ ಎಂದು ಭಾಗಮ್ಮನನ್ನು ವೇದಿಕೆಗೆ ಕರೆದು ಶಾಲು ಬಿಚ್ಚಿದರು. ಅವಳು ತಲೆ ಬಾಗಿಸಲಿಲ್ಲ. ಚೀಲದಿಂದ ಪರೀಕ್ಷೆಯ ಕಾಗದ ತೆಗೆದು ಅವರ ಮುಂದೆ ಹಿಡಿದಳು.

"ಸಾರ್, ಹತ್ತಕ್ಕೆ ಹತ್ತು ಇಳಿದದ್ದು ಯಾವ ಒತ್ತಡ?"

"ಮನಸ್ಸಿನದಮ್ಮ. ಅದು ಎಲ್ಲರಿಗೂ ಗೊತ್ತಿರೋದೇ. ನೀವು ತಪ್ಪು ತಿಳ್ಕೊಂಡಿದ್ದೀರಿ."

"ಮನಸ್ಸಿಗೆ ಆಗೋದಕ್ಕೆ ನಾವು ಟೆನ್ಷನ್ ಅಂತೀವಿ ಸಾರ್. ಕಣ್ಣಿಗೆ ಆಗೋದಕ್ಕೆ ಡಾಕ್ಟ್ರು ಒತ್ತಡ ಅಂದ್ರು. ನೀವು ಟೆನ್ಷನ್ ಅಂತ್ಲೇ ಬರೀಬಾರ್ದಿತ್ತಾ?" ಸಭೆಯ ಕಡೆ ತಿರುಗಿದಳು. "ಎಲ್ರಿಗೂ ಗೊತ್ತಂತೆ. ಕೇಳೇಬಿಡಾಣ. ಯಾರ್ಯಾರು ಡ್ರಾಪ್ಸ್ ಬಿಟ್ಟಿದೀರಿ, ಕೈ ಎತ್ರಪ್ಪಾ. ನಾನೇ ಮೊದ್ಲು ಎತ್ತೀನಿ."

ಬಲಗಡೆಯ ಸಾಲಿನಲ್ಲಿ ಯಾರೂ ಕದಲಲಿಲ್ಲ. ಎಡಗಡೆಯವರು ಕಾಣಬೇಕಾದರೆ ಅವಳು ಕತ್ತನ್ನೇ ಪೂರ್ತಿ ಹೊರಳಿಸಬೇಕಿತ್ತು. ಹೊರಳಿಸಿದಳು. ಬೀರೂರಿನ ಶಿವಮೂರ್ತಪ್ಪನವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು, ತಲೆತಗ್ಗಿಸಿಕೊಂಡು ಕೈ ಎತ್ತಿದ್ದರು. ಅವರ ಹಿಂದೆ ಇನ್ನೂ ಎರಡು ಕೈ.

"ಮೇಷ್ಟ್ರೂ ತಪ್ಪು ತಿಳ್ಕೊಂಡ್ರಾ ಸಾರ್?"

ಊಟ ಆದಮೇಲೆ ಕೂತು ಮಾತಾಡೋಣ ಎಂದರು ವಿಶ್ವಾರಾಧ್ಯ. ಅಷ್ಟರಲ್ಲಿ ಅನುಷಾ ಕುರ್ಚಿ ಎಳೆದು ಹತ್ತಿದ್ದಳು. ಕೈಯಲ್ಲಿ ಮಾರ್ಕರ್. ಬ್ಯಾನರಿನ ಒತ್ತಡಕ್ಕೆ ಮುಂಚೆ 'ಮನಸ್ಸಿನ' ಎಂದು ಸೇರಿಸಿದಳು, ಕೆಳಗೆ 'ಕಣ್ಣಿನ ಡ್ರಾಪ್ಸ್ ನಿಲ್ಲಿಸಬೇಡಿ' ಎಂದು ಬರೆಯತೊಡಗಿದಳು.

"ದೊಡ್ಡಕ್ಕೆ ಬರಿಯವ್ವ, ನಮ್ಮ ಕಣ್ಣಿಗೆ ಕಾಣಂಗೆ," ಎಂದಳು ಭಾಗಮ್ಮ.

ಕೆಳಗಿಳಿದ ಹುಡುಗಿ ಫಾರಂ ತಂದು, ನಿಮ್ಮ ಹತ್ತನ್ನು ಹೊಡೆದುಹಾಕಲೇ ಎಂದು ಕೇಳಿದಳು. ಭಾಗಮ್ಮ ಪರೀಕ್ಷೆಯ ಕಾಗದವನ್ನು ಫಾರಂ ಪಕ್ಕಕ್ಕೆ ಹಿಡಿದಳು.

"ಹತ್ತು ಇರ್ಲಿ. ಅದು ಸುಳ್ಳಲ್ಲ. ಪಕ್ಕದಾಗೆ ಇಪ್ಪತ್ತೊಂಬತ್ತೂ ಬರಿ."

ಶಾಲು ಕುರ್ಚಿಯ ಮೇಲೇ ಉಳಿಯಿತು.

ಭಾಗಮ್ಮ ಈಗಲೂ ಬೆಳಿಗ್ಗೆ ಸಂಜೆ ಕೂರುತ್ತಾಳೆ. ಮೊದಲು ಹನಿ, ಆಮೇಲೆ ಧ್ಯಾನ. ಆ ಆರು ವಾರದಲ್ಲಿ ಹೋದ ದೃಷ್ಟಿ ಎಷ್ಟು, ಡ್ರಾಪ್ಸ್ ಹಾಕಿದ್ದರೂ ಹೋಗುತ್ತಿದ್ದದ್ದು ಎಷ್ಟು ಎಂದು ಡಾಕ್ಟರಮ್ಮನಿಗೂ ಹೇಳಲಾಗಲಿಲ್ಲ. ಅನುಷಾ ಬರೆದ ಇಪ್ಪತ್ತೊಂಬತ್ತು ಸಂಸ್ಥೆಯವರ ವರದಿಯಲ್ಲಿ ಉಳಿಯಿತೋ ಇಲ್ಲವೋ, ಅದೂ ಗೊತ್ತಿಲ್ಲ.