ಉಡಿಯ ಅಕ್ಕಿ

ಕರ್... ಕರ್... ನಡುರಾತ್ರಿ ಅಡುಗೆಮನೆಯ ಗೂಡಿನಿಂದ ಬರುತ್ತಿದ್ದ ಆ ಸಣ್ಣ ಸದ್ದಿಗೆ ಮರಿಲಿಂಗಮ್ಮ ಕಣ್ಣು ಬಿಟ್ಟಳು. ಇಲಿ ಗಂಟು ಕಡಿಯುತ್ತಿತ್ತು. ಯಾವ ಗಂಟೆಂದು ಅವಳಿಗೆ ಗೊತ್ತಿತ್ತು. ಎದ್ದು ಓಡಿಸಲಿಲ್ಲ. ತಿನ್ನಲಿ, ಪೂರಾ ತಿಂದು ಮುಗಿಸಲಿ ಎಂದು ಗೋಡೆಯ ಕಡೆ ಮಗ್ಗುಲಾದಳು.

ಗಂಟಿನಲ್ಲಿ ಇದ್ದದ್ದು ಉಡಿಯ ಅಕ್ಕಿ. ತುಂಬಿದವಳು ಜಗದೇವಪ್ಪನ ಹೆಂಡತಿ.

ಜಗದೇವಪ್ಪ, ಕಾಲುವೆ ದುರಸ್ತಿಯ ಗುತ್ತಿಗೆ ಹಿಡಿದಿದ್ದ ಕಂಪನಿಯ ಮ್ಯಾನೇಜರ್. ಭೀಮರಾಯನಗುಡಿಯ ಹೊರಗೆ ತಗಡಿನ ಆಫೀಸು. ಬಿ.ಎ. ಮುಗಿಸಿದ ಮರಿಲಿಂಗಮ್ಮ ಶಿರವಾಳದಿಂದ ದಿನವೂ ಅಲ್ಲಿಗೆ ಕಂಪ್ಯೂಟರ್ ಕೆಲಸಕ್ಕೆ ಹೋಗಿಬರುತ್ತಿದ್ದಳು. ಅವಳ ಪಗಾರದಿಂದಲೇ ತಾಯಿ ಮಗಳ ಮನೆ ನಡೆಯುತ್ತಿತ್ತು. ಸಂಜೆ ಮಿರ್ಚಿ ಭಜಿ ತರಿಸಿದಾಗ ಜಗದೇವಪ್ಪ ಅರ್ಧ ಕಚ್ಚುತ್ತಿದ್ದ. ಗುಟ್ಕಾ ಹಲ್ಲಿನ ಕೆಂಪು ಹತ್ತಿದ ಉಳಿದರ್ಧವನ್ನು ಅವಳ ಕೀಬೋರ್ಡಿನ ಪಕ್ಕ ಇಡುತ್ತಿದ್ದ.

“ತಿನ್ನು, ನಾಚಬ್ಯಾಡ. ಸಾಹೇಬನ ಪ್ರಸಾದ ಅದ.”

ಸುತ್ತಲಿನವರು ನಗುತ್ತಿದ್ದರು. ಅವಳು ಕಾಗದದ ಚೂರಿನಲ್ಲಿ ಹಿಡಿದು ಅದನ್ನು ಕಸದ ಬುಟ್ಟಿಗೆ ಹಾಕುತ್ತಿದ್ದಳು. ಒಂದು ದಿನ ಸಿಮೆಂಟಿನ ಗೋದಾಮಿನಲ್ಲಿ ಅವನು ಹಿಂದಿನಿಂದ ಬಂದು ಸೊಂಟ ಹಿಡಿದು, ಕಚ್ಚಿದ ಭಜಿಯ ಎಂಜಲನ್ನು ಅವಳ ತುಟಿಗೇ ಒತ್ತಿದ. ಎಣ್ಣೆ, ಗುಟ್ಕಾ, ಅವನ ಬೆರಳು, ಎಲ್ಲ ಒಟ್ಟಿಗೆ ಬಾಯಿಗೆ ತಾಗಿತು. ಕೊಸರಿಕೊಂಡು ಓಡಿದವಳು ನಲ್ಲಿಯ ಕೆಳಗೆ ತುಟಿ ಸುಲಿಯುವ ಹಾಗೆ ತಿಕ್ಕಿಕೊಂಡಳು. ಮರುದಿನ ದೂರು ಕೊಟ್ಟಳು.

ಇಂಥ ದೂರು ಕೇಳಲು ಆಫೀಸಿನಲ್ಲೇ ಒಂದು ಸಮಿತಿ ಇರಬೇಕೆಂದು ಕಾಯ್ದೆ. ಇಲ್ಲಿಯ ಸಮಿತಿಗೆ ಅಧ್ಯಕ್ಷೆ ಲೆಕ್ಕಪತ್ರ ನೋಡುವ ಹಿರಿಯಳು ಭಾಗಮ್ಮ. ಹೊರಗಿನ ಸದಸ್ಯೆ ಶಹಾಪುರದ ವಕೀಲೆ ಮಲ್ಲಾಬಾಯಿ. ಉಳಿದಿಬ್ಬರು ಭಾಗಮ್ಮ ಹೂಂ ಎಂದರೆ ಹೂಂ ಎನ್ನುವವರು.

ವಿಚಾರಣೆ ಶುರುವಾಗುವ ಮೊದಲೇ, ಒಂದು ಶುಕ್ರವಾರ, ಜಗದೇವಪ್ಪನ ಹೆಂಡತಿ ಆಫೀಸಿಗೆ ಬಂದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಖಣ. ಎಲ್ಲರೆದುರು ಕುಂಕುಮ ಹಚ್ಚಿ, “ಉಡಿ ಒಡ್ಡು ತಂಗಿ” ಎಂದಳು.

ಉಡಿ ಬೇಡ ಅನ್ನಬಾರದೆಂದು ಈ ಕಡೆಯ ಹೆಣ್ಣುಮಕ್ಕಳು ನಡೆಯಲು ಕಲಿಯುವ ಮೊದಲೇ ಕಲಿತಿರುತ್ತಾರೆ. ಮರಿಲಿಂಗಮ್ಮನ ಕೈಗಳು ಅವಳನ್ನು ಕೇಳದೆಯೇ ವೇಲನ್ನು ಒಡ್ಡಿದವು. ತುಂಬುವವಳು ಕಣ್ಣು ಮೇಲೆತ್ತಲಿಲ್ಲ.

“ಇವತ್ತಿನಿಂದ ನೀ ನಮ್ಮ ಮನಿ ಹೆಣ್ಮಗಳು. ಸಾಹೇಬ್ರು ನಿನಗ ಅಣ್ಣ.”

ಅಣ್ಣ ಬಾಗಿಲಿಗೆ ಒರಗಿ ಕಡ್ಡಿಯಿಂದ ಹಲ್ಲು ಕೆದಕುತ್ತಿದ್ದ. “ಏನ ತಂಗ್ಯವ್ವ, ಅಣ್ಣನ ಮ್ಯಾಲ ಕೇಸ್ ಹಾಕ್ತಿಯೇನ ಇನ್ನ?”

ಆಫೀಸು ಘೊಳ್ಳೆಂದು ನಕ್ಕಿತು. ಭಾಗಮ್ಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಛಲೋ ಆತು ಬಿಡವ್ವ. ಆ ಅಕ್ಕಿ ಉಂಡ್ರ ಅವರ ಮನಿ ಋಣ ಹತ್ತತದ. ಆಮ್ಯಾಲ ಕೇಸು ಗೀಸು ಅಂದ್ರ ದೇವರು ಮೆಚ್ಚಂಗಿಲ್ಲ” ಎಂದಳು.

ಮನೆಗೆ ಬಂದ ಮೇಲೆ ತಾಯಿ ತಿಮ್ಮವ್ವನಿಗೆ ಮರಿಲಿಂಗಮ್ಮ ಹೇಳಿದ್ದು ಇಷ್ಟೇ: “ಆಫೀಸಿನ್ಯಾಗ ಉಡಿ ತುಂಬ್ಯಾರ. ಗೂಡಿನ್ಯಾಗ ಇರ್ಲಿ.” ಗೋದಾಮಿನ ಮಾತು ಹೇಳಿದರೆ ತಾಯಿ ಕೆಲಸವನ್ನೇ ಬಿಡಿಸುತ್ತಿದ್ದಳು. ಉಡಿ ಅಕ್ಕಿಯನ್ನು ಚೆಲ್ಲುವಷ್ಟು ಧೈರ್ಯ ಮರಿಲಿಂಗಮ್ಮನಿಗೂ ಇರಲಿಲ್ಲ. ಅಕ್ಕಿ ಗೂಡಿನಲ್ಲೇ ಕೂತಿತು, ಇಲಿಗೆ ಸುಗ್ಗಿಯಾಯಿತು.

ಇಲಿಯ ಸದ್ದು ಕೇಳುತ್ತ ನಿದ್ದೆಗೆಟ್ಟ ಆ ರಾತ್ರಿಯ ಮರುದಿನವೇ ವಿಚಾರಣೆ. ಬುತ್ತಿ ಉಂಡು ಕೈತೊಳೆಯುವಷ್ಟರಲ್ಲಿ ಕರೆ ಬಂತು.

ಮೊದಲು ಭಾಗಮ್ಮನೇ ಮಾತೆತ್ತಿದಳು. “ಉಡಿ ತುಂಬ್ಯಾರ, ಈಕಿ ತಗೊಂಡಾಳ. ರಾಜಿ ಆಗ್ಯಾದ. ಮುಗಸೂಣಲ್ರಿ?”

“ಕಾಯ್ದೆದಾಗ ರಾಜಿಗೆ ದಾರಿ ಅದ, ಖರೆ” ಎಂದಳು ಮಲ್ಲಾಬಾಯಿ. “ಆದ್ರ ದೂರು ಕೊಟ್ಟಾಕಿ ತಾನ ಬಾಯಿಬಿಟ್ಟು ಕೇಳಬೇಕು. ನೀ ಕೇಳಿದ್ಯೇನವ್ವ?”

“ಇಲ್ರಿ. ನಾ ಕೇಳಿಲ್ಲ. ನನಗ ವಿಚಾರಣಿನ ಬೇಕ್ರಿ.”

ಭಾಗಮ್ಮನ ಮುಖ ಸಣ್ಣದಾಯಿತು. ಅವಳಿಗೆ ಜಗದೇವಪ್ಪನ ಭಯಕ್ಕಿಂತ ದೇವರ ಭಯ ದೊಡ್ಡದು. ಮುಂದೆ ಬಾಗಿ ಕೇಳಿದಳು: “ಖರೇನ ಹೇಳು. ಆ ಅಕ್ಕಿ ಉಂಡಿಯೇನು?”

“ಅಕ್ಕಿ ಮಾತು ಯಾಕ್ರೀ ಇಲ್ಲಿ?” ಎಂದು ರೇಗಿದ ಮಲ್ಲಾಬಾಯಿ, ಉಳಿದಿಬ್ಬರ ಕಣ್ಣು ಭಾಗಮ್ಮನ ಮೇಲೇ ಇರುವುದನ್ನು ಕಂಡು ಮರಿಲಿಂಗಮ್ಮನ ಕಡೆ ತಿರುಗಿದಳು.

“ಒಂದ ಅಗಳೂ ಮುಟ್ಟಿಲ್ರಿ ಅಕ್ಕಾರ” ಎಂದಳು ಮರಿಲಿಂಗಮ್ಮ. “ಇಲಿ ತಿನ್ನಾಕತ್ಯಾವ.”

ಭಾಗಮ್ಮ ಉಸಿರು ಬಿಟ್ಟಳು. “ಹಂಗಾದ್ರ ಋಣ ಇಲ್ಲ. ನಡೀಲಿ ವಿಚಾರಣಿ.” ಉಳಿದಿಬ್ಬರೂ ಹೂಂ ಎಂದರು. ಮುಗಿಯುವ ತನಕ ಜಗದೇವಪ್ಪ ಈ ಆಫೀಸಿಗೆ ಕಾಲಿಡಬಾರದು, ಕಕ್ಕೇರಾ ಕಡೆಯ ಸೈಟಿನಲ್ಲೇ ಇರಬೇಕು ಎಂದು ಮಲ್ಲಾಬಾಯಿ ಕಂಪನಿಗೆ ಬರೆಸಿದಳು.

ಸಂಜೆ ಮನೆಗೆ ಬಂದಾಗ ತಿಮ್ಮವ್ವ ಬುತ್ತಿಡಬ್ಬಿ ತೆಗೆದು ನೋಡಿ ಹಿಗ್ಗಿದಳು. “ಒಂದ ಅಗಳೂ ಬಿಟ್ಟಿಲ್ಲಲ್ಲ! ರುಚಿ ಇತ್ತಿಲ್ಲೊ?”

“ಹಸಿವಾಗಿತ್ತಬೇ.”

“ಹಸಿವು ಅಲ್ಲ, ಉಡಿ ಅಕ್ಕಿ ರುಚಿ ಅದು. ಇಲಿ ಹೊಲಸು ಮಾಡಾಕತ್ತಿತ್ತು. ಆರಿಸಿ, ತೊಳದು ಅನ್ನ ಮಾಡೀನಿ. ಹಾಳ ಮಾಡಿದ್ರ ಪಾಪ ಬರತದ. ತುಂಬಿದಾಕಿ ಪುಣ್ಯವಂತಿ, ಸೋನಾ ಮಸೂರಿ ಹಾಕ್ಯಾಳ.”

ಮರಿಲಿಂಗಮ್ಮ ಬಚ್ಚಲಿಗೆ ಓಡಿದಳು. ಗಂಟಲಿಗೆ ಬೆರಳು ಹಾಕಿದಳು. ಹುಳಿ ನೀರು ಬಿಟ್ಟು ಏನೂ ಬರಲಿಲ್ಲ. ಅವನ ಎಂಜಲನ್ನು ತುಟಿಯಲ್ಲೇ ತಡೆದಿದ್ದಳು. ಅವನ ಮನೆಯ ಅಕ್ಕಿ ಅವಳ ತಾಯಿಯ ಕೈಯಿಂದಲೇ ಒಳಗೆ ಇಳಿದು ಆಗಲೇ ರಕ್ತಕ್ಕೆ ಸೇರಿತ್ತು. ಸಮಿತಿಯ ಎದುರು ಮುಟ್ಟಿಲ್ಲ ಎನ್ನುವಾಗಲೂ ಅದು ಅವಳ ಹೊಟ್ಟೆಯಲ್ಲೇ ಇತ್ತು.

ಕಾಯ್ದೆ ಅಕ್ಕಿಯನ್ನು ಕೇಳುವುದಿಲ್ಲ. ಭಾಗಮ್ಮ ಕೇಳುತ್ತಾಳೆ. ಅವಳ ಹೂಂ ಹಿಂದೆ ಸರಿದರೆ ಉಳಿದೆರಡೂ ಸರಿಯುತ್ತವೆ. ಜಗದೇವಪ್ಪ ಮತ್ತೆ ಬಾಗಿಲಿಗೆ ಒರಗಿ ಹಲ್ಲು ಕೆದಕುತ್ತಾನೆ.

“ಏನಾತ ಯವ್ವಾ?” ಹೊರಗಿನಿಂದ ತಿಮ್ಮವ್ವ ಕೂಗಿದಳು.

ಅವಳು ಬಾಯಿ ಮುಕ್ಕಳಿಸಿದಳು. ಇನ್ನೊಮ್ಮೆ ಮುಕ್ಕಳಿಸಿದಳು. ಮಲ್ಲಾಬಾಯಿಗೂ ಇಲ್ಲ, ಅವ್ವನಿಗೂ ಇಲ್ಲ. ಈ ಮಾತು ಯಾರಿಗೂ ಹೇಳುವಂತಿಲ್ಲ.

“ಏನಿಲ್ಲಬೇ” ಎಂದಳು. “ಆಫೀಸಿನ ಚಾ ಒಗ್ಗಲಿಲ್ಲ.”