ಇಬ್ಬರು ಸಣ್ಣಮ್ಮಂದಿರು

ರಂಗಸ್ವಾಮಿ ಮಾವನ ಮುಖ ನೆನಪಾದರೆ ಈಗಲೂ ಥೂ ಎಂದು ಉಗಿಯಬೇಕು ಅನಿಸುತ್ತದೆ. ಹಾಗನ್ನಬಾರದು, ದೊಡ್ಡವರು ಎಂದು ಅಪ್ಪ ಗದರುತ್ತಾರೆ. ದೊಡ್ಡವರು ವಯಸ್ಸಿನಲ್ಲಿ ತಾನೇ.

2009ರ ಮಾತು. ತಾಳವಾಡಿ ಬಸ್ ಸ್ಟ್ಯಾಂಡಿನ ಎದುರಿನ ಬ್ರೌಸಿಂಗ್ ಸೆಂಟರಿನಲ್ಲಿ ಕೆಲಸಕ್ಕಿದ್ದೆ. ಮಾವ ಅಂದರೆ ನನ್ನ ಅಜ್ಜಿ ಚಿಕ್ಕಬಸಮ್ಮನ ಅಣ್ಣನ ಮಗ. ಪಣಕಹಳ್ಳಿಯಲ್ಲಿ ಹುಟ್ಟಿ, ಸತ್ಯಮಂಗಲದಲ್ಲಿ ಮನೆ ಕಟ್ಟಿಸಿ, ಘಟ್ಟದ ಕೆಳಗಿನವರಾಗಿದ್ದರು. ಒಂದು ದಿನ ದಿಂಬಂ ಘಾಟಿಯ ತಿರುವುಗಳಲ್ಲಿ ವಾಂತಿ ಮಾಡಿಕೊಂಡು ಬಂದವರು, ಮುಖವನ್ನೂ ತೊಳೆಯದೆ ನನ್ನ ಪಕ್ಕ ಕುರ್ಚಿ ಎಳೆದು ಕೂತರು. ನಮ್ಮ ವಂಶವೃಕ್ಷವನ್ನು ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ. ಅದು ಎಲ್ಲರೂ ಸೇರಿ ಬೆಳೆಸುವ ಮರ. ನೆಂಟರು ತಮಗೆ ಗೊತ್ತಿರುವ ಹಿರಿಯರನ್ನು ಸೇರಿಸಬಹುದು. ಒಬ್ಬರೇ ಎರಡು ಕಡೆ ಇದ್ದಂತೆ ಕಂಡರೆ ಸೈಟೇ ಗುರುತು ಹಿಡಿದು, ಇವರಿಬ್ಬರೂ ಒಬ್ಬರೇನಾ ಎಂದು ಕೇಳುತ್ತದೆ. ಹೌದು ಎಂದು ಒತ್ತಿದರೆ ಇಬ್ಬರೂ ಕಲೆತು ಒಬ್ಬರಾಗುತ್ತಾರೆ. ಮರ ಶುರು ಮಾಡಿದವರು ಮಾವ, ಹಾಗಾಗಿ ಕೊನೆಯ ಮಾತು ಅವರದು.

ಮರ ನೋಡಿ ಮೊದಲು ನಗು ಬಂತು. ನಮ್ಮ ಮುತ್ತಜ್ಜ ಪುಟ್ಟಮಾದ ಅವರಿವರ ಹೊಲದಲ್ಲಿ ರಾಗಿ ಕೊಯ್ದು ಕೂಲಿಯಲ್ಲಿ ಬದುಕಿದವನು. ಮಾವ ಅವನನ್ನು ಇನ್ಯಾರದೋ ಮರದ ಪುಟ್ಟಮಾದನೊಂದಿಗೆ ಕಲೆಸಿದ್ದರು. ಆ ಪುಟ್ಟಮಾದನ ಅಪ್ಪ ಪಾಳೇಗಾರ. ಹೌದು ಎಂದು ಒತ್ತಿದ್ದೇ ತಡ, ಕೂಲಿಯವನ ಮನೆ ಮುಂದೆ ಕುದುರೆ ಬಂದು ನಿಂತಿತ್ತು.

"ಇವ್ನು ನಮ್ ಮುತ್ತಜ್ಜನ್ಗಿಂತ ನೂರು ವರ್ಸ ಹಿಂದ್ಲೋನು ಮಾವ," ಅಂದೆ.

"ಎಸ್ರು ಒಂದೇ ಅದ. ಸೀಮೇನೂ ಒಂದೇ. ನಿಂಗ್ಯಾಕ ಬುಡು."

ನಗು ನಿಂತದ್ದು ಸಣ್ಣಮ್ಮನ ಹತ್ತಿರ. ಮುತ್ತಜ್ಜನಿಗೆ ಇಬ್ಬರು ಹೆಂಡತಿಯರು. ಮೊದಲನೆಯವಳು ಸಣ್ಣಮ್ಮ, ಮಾವನ ಅಪ್ಪ ದೊಡ್ಡಮಾದನನ್ನು ಹೆತ್ತು ಬಾಣಂತನದಲ್ಲೇ ತೀರಿಕೊಂಡಳು. ಎರಡನೆಯವಳು ಜೀರಹಳ್ಳಿ ಕಾಡಿನ ಸೋಲಿಗರ ಹೆಣ್ಣು. ಆ ತಬ್ಬಲಿಯನ್ನು ಎದೆಗೆ ಹಾಕಿಕೊಂಡು ಸಾಕಿದಳು, ಆಮೇಲೆ ನನ್ನ ಅಜ್ಜಿಯನ್ನು ಹೆತ್ತಳು. ನಮ್ಮ ಮನೆತನದಲ್ಲಿ ಆಗ ಒಂದು ಪದ್ಧತಿ ಇತ್ತು. ಸತ್ತ ಹೆಂಡತಿಯ ಜಾಗಕ್ಕೆ ಬಂದವಳಿಗೆ ಸತ್ತವಳ ಹೆಸರನ್ನೇ ಇಡುತ್ತಿದ್ದರು. ಇಲ್ಲದಿದ್ದರೆ ಸತ್ತವಳು ಸವತಿಯನ್ನು ಬಾಳಗೊಡುವುದಿಲ್ಲ ಎಂಬ ಭಯ. ಹಾಗಾಗಿ ಇವಳೂ ಸಣ್ಣಮ್ಮ. ಮರದಲ್ಲಿ ಇವಳು ಇರಲಿಲ್ಲ. ನಾನು ಸೇರಿಸಿದೆ, ಇವಳ ಕೆಳಗೆ ಅಜ್ಜಿಯನ್ನೂ ಸೇರಿಸಿದೆ. ಸೈಟು ಕೇಳಿಯೇ ಬಿಟ್ಟಿತು. ಗಂಡ ಒಬ್ಬನೇ, ಹೆಸರೂ ಒಂದೇ, ಇವರಿಬ್ಬರೂ ಒಬ್ಬರೇನಾ? ಯಂತ್ರಕ್ಕೆ ಪಾಪ ಏನು ಗೊತ್ತು. ಮಾವನಿಗೆ ಗೊತ್ತಿತ್ತು. ಕೈ ಚಾಚಿ ಹೌದು ಎಂದು ಒತ್ತಿದರು.

ತಕ್ಷಣ ಅಜ್ಜಿಯ ಹೆಸರಿನ ಪಕ್ಕ ಕೆಂಪು ಗುರುತು ಬಂತು. ತಾಯಿ ಸತ್ತ ಎಷ್ಟೋ ವರ್ಷಕ್ಕೆ ಹುಟ್ಟಿದ ಮಗಳು, ಏನೋ ತಪ್ಪಿದೆ, ಸರಿಪಡಿಸಿ ಎಂದು. ಮಾವ ಸರಿಪಡಿಸಿದರು. ಅಜ್ಜಿಯನ್ನೇ ಅಳಿಸಿದರು.

"ಅವ್ರಿಬ್ರು ಬ್ಯಾರೆ ಬ್ಯಾರೆ ಅಂತ ನಿಮ್ಗ ಗೊತ್ತಲ್ವಾ ಮಾವ?"

"ಪಾಳೇಗಾರ್ರ ಮನಗ ಕಾಡೋರ ಎಣ್ಣು ಬಂದಿದ್ಲು ಅಂತ ಊರ್ಗೆಲ್ಲ ಸಾರ್ಬೇಕಾ? ಮಗಳ್ಗ ಗಂಡು ನೋಡ್ತಾ ಇವ್ನಿ. ಗಂಡಿನ ಕಡೆಯೋರೂ ಇದ್ನ ನೋಡ್ತಾರ ಕಣವ್ವ."

ಇಲ್ಲಿಂದ ಮುಂದೆ ಅವನನ್ನು ಅವರು ಇವರು ಎನ್ನಲು ನನ್ನಿಂದಾಗದು. ಚಿಕ್ಕವನಿದ್ದಾಗ ಅವನ ಅಮ್ಮ ಕಾಯಿಲೆ ಬಿದ್ದರೆ ನನ್ನ ಅಜ್ಜಿಯೇ ಹೋಗಿ ಅವನಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು. ಆ ಕೈಯನ್ನು ಎಷ್ಟು ಸಲೀಸಾಗಿ ಅಳಿಸಿದ ಅಂದರೆ, ಅಳಿಸಿ ಟೀ ತರಿಸು ಅಂದ.

ಅವನು ಹೋದ ಮೇಲೆ ಇಬ್ಬರನ್ನೂ ಬೇರ್ಪಡಿಸಿದೆ. ಬೆಳಗ್ಗೆ ಬಂದು ನೋಡಿದರೆ ಮತ್ತೆ ಕಲೆಸಿದ್ದ. ಮತ್ತೆ ಬಿಡಿಸಿದೆ, ಕಾರಣವನ್ನೂ ಬರೆದೆ. ಮತ್ತೆ ಕಲೆಸಿ, ಈ ಸಲ ನಾನು ಮುಟ್ಟಲಾಗದಂತೆ ಬೀಗ ಹಾಕಿದ. ಸತ್ತ ಹೆಂಗಸೊಬ್ಬಳ ಕತ್ತು ಹಿಸುಕುವುದನ್ನು ದುಡ್ಡು ಕೊಟ್ಟು ಕೂತು ನೋಡಿದ ಹಾಗಾಯಿತು.

ಮರದಲ್ಲಿ ಇಲ್ಲದಿದ್ದರೆ ಬೇಡ, ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ಪಣಕಹಳ್ಳಿಯ ಮೂಲ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತ ಹೆಂಗಸರಲ್ಲಿ ಒಬ್ಬೊಬ್ಬರಿಗೂ ಒಂದು ಎಲೆ, ಒಂದು ಸೀರೆ. ಇಡುವ ಹಕ್ಕು ಆ ಮನೆಯ ಗಂಡುಮಕ್ಕಳದು. ಮದುವೆಯಾಗಿ ಹೋದ ಮಗಳು ತನ್ನ ಅವ್ವನಿಗೆ ತನ್ನ ಮನೆಯಲ್ಲಿ ಎಡೆ ಇಡುವ ಹಾಗಿಲ್ಲ. ದೊಡ್ಡಮಾದ ಇರುವವರೆಗೂ ಎರಡು ಎಲೆ ಹಾಕುತ್ತಿದ್ದ, ಹೆತ್ತವಳಿಗೊಂದು, ಸಾಕಿದವಳಿಗೊಂದು. ಆ ಬೇಸಿಗೆಯಲ್ಲಿ ಅವನೂ ಹೋದ. ಈಗ ಎಡೆ ಇಡುವವನು ರಂಗಸ್ವಾಮಿ. ಅವನು ಇಡದಿದ್ದರೆ ಅಜ್ಜಿಯ ಅವ್ವನಿಗೆ ಈ ಭೂಮಿಯ ಮೇಲೆ ಒಂದು ತುತ್ತು ಇಡುವವರಿಲ್ಲ.

ಅಜ್ಜಿ ಸಂತೆಯಲ್ಲಿ ಹಸಿರು ಸೀರೆ ಕೊಂಡು, ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಪಣಕಹಳ್ಳಿಯ ಮನೆಯಲ್ಲಿ ಗೋಡೆ ತುಂಬ ಅದೇ ಮರದ ಫ್ಲೆಕ್ಸು. ಮೇಲೆ ಮೀಸೆ ತಿರುವಿದ ಪಾಳೇಗಾರ, ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ರಂಗಸ್ವಾಮಿ. ಫ್ಲೆಕ್ಸಿನಲ್ಲಿದ್ದ ಸತ್ತವರ ಹೆಸರಿಗೆ ಒಂದೊಂದರಂತೆ ಎಲೆ ಹಾಕಿದ್ದ. ಯಾರೋ ಏನೋ ಗೊತ್ತಿಲ್ಲದ ಪಾಳೇಗಾರನಿಗೂ ಕೋಳಿ ಸಾರು ಬಡಿಸಿದ್ದ.

ಅಜ್ಜಿ ಎಲೆಗಳನ್ನೆಲ್ಲ ನೋಡಿ ಕೇಳಿದಳು. "ರಂಗ, ನಮ್ಮವ್ವನ ಎಲ ಎಲ್ಲಿಲಾ?"

"ಅದೇ ಕಣತ್ತೆ, ಸಣ್ಣಮ್ಮ. ಮಡಗಿವ್ನಲ್ಲ."

"ಅದು ನಿಮ್ಮಜ್ಜಿದು. ನಮ್ಮವ್ವಂದು?"

"ಇಬ್ರೂ ಒಬ್ರೇ ಅಂತ ಕಂಪ್ಯೂಟರ್ನಲ್ಲೇ ಬಂದದ. ಬೇಕಾರ ನಿನ್ ಮೊಮ್ಮಗಳ್ನೇ ಕೇಳು, ಅವ್ಳ ಮುಂದ್ಗಡನೇ ಬಂದದ್ದು."

ಕಲೆಸಿದವನು ಇವನು, ಸಾಕ್ಷಿ ನಾನು. "ಸುಳ್ಳು ಅಜ್ಜಿ, ಇವ್ರೇ ಒತ್ತಿದ್ದು," ಅಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಇಬ್ಬರು ಸಣ್ಣಮ್ಮಂದಿರ ವಿಷಯ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಅವರ ಕಣ್ಣೆಲ್ಲ ಸಾರಿನ ಪಾತ್ರೆಯ ಮೇಲೆ.

"ಅಂಗಾರ ನಮ್ಮವ್ವ ಸತ್ ಮ್ಯಾಲ ನಾ ಉಟ್ಟಿದ್ನಾ?" ಅಜ್ಜಿ ಕೇಳಿದಳು.

"ಒತ್ತಾಯ್ತದ, ಬುಡವ್ವ ಅತ್ಲಾಗಿ," ಎಂದ ಒಬ್ಬ ನೆಂಟ.

ಅಜ್ಜಿ ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಆ ಮನೆಯ ನೀರನ್ನೂ ಮುಟ್ಟದೆ ಹೊರಟೆವು. ರಸ್ತೆಗೆ ಬಂದ ಮೇಲೆ ಅಂದಳು, "ಜೀರಳ್ಳಿಗ ಓಗಾಣ ಕೂಸು. ಇವ್ರು ಮಡಗ್ದಿದ್ರ ನಮ್ಮವ್ವನ ಕಡೆಯೋರು ಮಡಗ್ತಾರ."

ಜೀರಹಳ್ಳಿಯಿಂದ ಒಳಗೆ, ಸೋಲಿಗರ ಹಾಡಿಯಲ್ಲಿ ವಿಚಾರಿಸಿದಾಗ ರಾಚ ಎಂಬ ಮುದುಕನ ಮನೆ ತೋರಿಸಿದರು. ಅವರ ಕುಲದ ಸತ್ತವರನ್ನು ಕರೆದು ಉಣ್ಣಲು ಇಡುವವನು ಅವನೇ. ಅಜ್ಜಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಒಂದು ಮಾತೂ ಅಡ್ಡ ಆಡದೆ ನಮ್ಮನ್ನು ಮರದಡಿಯ ಕಲ್ಲುಗಳ ಹತ್ತಿರ ಕರೆದೊಯ್ದು, ಎಲೆ ಹಾಸಿ, ಅನ್ನ ಇಟ್ಟು, ಪಕ್ಕದಲ್ಲಿ ಸೀರೆ ಇಟ್ಟ.

"ಏನಂತ ಕರೀಲವ್ವ?"

"ಸಣ್ಣಮ್ಮ."

ರಾಚ ಕೂಗಲಿಲ್ಲ. "ನಮ್ ಎಣ್ಮಕ್ಕಳಲ್ಲಿ ಸಣ್ಣಮ್ಮ ಅನ್ನೋಳು ಯಾರೂ ಇರ್ನಿಲ್ಲ. ಆ ಎಸ್ರು ಕೂಗುದ್ರ ಯಾರೂ ಬರಲ್ಲ. ಅವ್ಳ ಉಟ್ಟೆಸ್ರು ಏನು?"

"ಗೊತ್ತಿಲ್ಲ ಕಣಪ್ಪ. ಯಾರೂ ಕೇಳ್ನಿಲ್ಲ. ನಾನೂ ಕೇಳ್ನಿಲ್ಲ."

ಅಲ್ಲಿಯವರೆಗೆ ಹೊಲಸನ್ನೆಲ್ಲ ರಂಗಸ್ವಾಮಿಯ ತಲೆಗೆ ಕಟ್ಟಿ ನಾನು ಶುದ್ಧವಾಗಿದ್ದೆ. ಎಂಬತ್ತು ವರ್ಷದ ಹಿಂದೆಯೇ, ಕಂಪ್ಯೂಟರ್ ಇಲ್ಲದೆಯೇ, ಅಜ್ಜಿಯ ಅವ್ವನನ್ನು ಆ ಮೊದಲನೆಯವಳಲ್ಲಿ ಕಲೆಸಿ ಮುಗಿಸಿದ್ದರು. ದೊಡ್ಡಮಾದನಂಥ ಒಳ್ಳೆಯವನೂ ಜನ್ಮವಿಡೀ ಎಡೆ ಇಟ್ಟು ಕರೆದದ್ದು ಇವಳದಲ್ಲದ ಹೆಸರನ್ನು. ನಾನೂ ಭಾರಿ ನ್ಯಾಯವಂತೆಯಂತೆ ಅದೇ ಹೆಸರನ್ನು ಟೈಪು ಮಾಡಿ ಜಗಳಕ್ಕೆ ನಿಂತಿದ್ದೆ. ನಮ್ಮ ಇಡೀ ಮನೆತನದ ಮೇಲೆ ಅಸಹ್ಯವಾಯಿತು, ನನ್ನನ್ನೂ ಸೇರಿಸಿ.

"ನಮ್ ತಾತ ಯೇಳ್ತಿದ್ದ," ರಾಚ ಅಂದ. "ಆ ಕಾಲ್ದಲ್ಲಿ ನಮ್ ಮೂರು ಎಣ್ಮಕ್ಕಳು ಊರ್ನೋರ ಕಟ್ಕೊಂಡು ಓದ್ರು. ಜಡೆಮ್ಮ, ಕೇತಮ್ಮ, ಬೊಮ್ಮಿ. ಯಾರು ಯಾವೂರ್ಗ ಓದ್ರೋ ಕಾಣಿ. ತಿರ್ಗಿ ಬರ್ನಿಲ್ಲ."

"ಮೂರ್ ಜನನೂ ಕರಿ," ಎಂದಳು ಅಜ್ಜಿ.

"ಒಬ್ಳು ನಿಮ್ಮವ್ವ ಆಗ್ಬೌದು. ಉಳ್ದೋರು?"

"ಉಳ್ದೋರ್ನ ಕೇಳ್ಕಂಡು ಯಾರಾರ ಬಂದಿದ್ರಾ?"

"ಇಲ್ಲ ಕಣವ್ವ. ನೀನೇ ಮೊದ್ಲು."

"ಮತ್ತ ಅವ್ರೂ ಉಣ್ಲಿ."

ರಾಚ ಇನ್ನೂ ಎರಡು ಎಲೆ ಹಾಸಿ, ಅನ್ನವನ್ನು ಪಾಲು ಮಾಡಿದ. ಆಮೇಲೆ ಕಾಡಿನ ಕಡೆ ತಿರುಗಿ ಒಬ್ಬೊಬ್ಬಳ ಹೆಸರನ್ನೂ ಕೂಗಿದ. ಅಜ್ಜಿ ಸೆರಗನ್ನು ತಲೆಯ ಮೇಲೆ ಹೊದ್ದು ಕೈಮುಗಿದಿದ್ದಳು. ಅವನು ಒಂದೊಂದು ಹೆಸರು ಕೂಗಿದಾಗಲೂ, ಮೂರಕ್ಕೂ, "ಅವ್ವ" ಅಂದಳು.