ಲೆಕ್ಕಕ್ಕೆ ಬಾರದ ಊಟ

ಆ ವಾರ ನಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ಊಟದ ಪಾಠ. ಹಾನ್ ಟೀಚರ್ ಬೋರ್ಡಿನ ಎಡಕ್ಕೆ ತಿನ್ನುವುದಕ್ಕೆ ಸಂಬಂಧಿಸಿದ ಮಾತುಗಳನ್ನು ಬರೆದರು, ಬಲಕ್ಕೆ ತಿಂದ ಮೇಲೆ ಮೈಯೊಳಗೆ ಏನಾಗುತ್ತದೆ ಎಂಬುದನ್ನು. ಸಿಹಿ ಕಡಿಮೆ ಮಾಡುವುದಕ್ಕೆ ಒಂದು ಮಾತು, ಪೂರ್ತಿ ಬಿಡುವುದಕ್ಕೆ ಇನ್ನೊಂದು. ಉಂಡ ಮೇಲೆ ರಕ್ತದ ಸಕ್ಕರೆ ಒಮ್ಮೆಲೇ ಏರಿದರೆ ಅದು ಸ್ಪೈಕ್. ಒಬ್ಬರಿಗೆ ಬಡಿಸುವಷ್ಟು ಪಾಲು ಪೋರ್ಷನ್. ನಾವೆಲ್ಲ ಒಟ್ಟಿಗೆ ಹೇಳಿದೆವು. ಕೆಳಗಿನ ಮೊಬೈಲ್ ಅಂಗಡಿಯವರು ಹಾಕುವ ಹಾಡಿಗಿಂತ ಗಟ್ಟಿಯಾಗಿ ಹೇಳಬೇಕಿತ್ತು.

ನಾನು ಕಾನ್ ಥೋ ವಿಶ್ವವಿದ್ಯಾಲಯದಲ್ಲಿ ಆಹಾರ ವಿಜ್ಞಾನ ಓದಿದವಳು. ಈ ಸಂಗತಿಗಳೆಲ್ಲ ನಮ್ಮ ವಿಯೆಟ್ನಾಮಿ ಭಾಷೆಯಲ್ಲಿ ಗೊತ್ತು. ನದಿ ದಂಡೆಯ ಹೊಸ ಕ್ಲಿನಿಕ್ಕಿಗೆ ವಿದೇಶಿ ರೋಗಿಗಳು ಬರುತ್ತಾರೆ. ಅವರಿಗೆ ಪಥ್ಯ ಹೇಳುವ ಕೆಲಸ ಸಿಗಬೇಕಾದರೆ ಇಂಗ್ಲಿಷ್ ಬೇಕು. ಕೇಳಿದವರಿಗೆ ಹಾಗೆಂದೇ ಹೇಳುತ್ತಿದ್ದೆ. ಸಂಜೆಯ ಹೊತ್ತು ಮನೆಯಲ್ಲಿ ಇರದಿರುವುದೂ ನನಗೆ ಬೇಕಿತ್ತು. ಆ ಹೊತ್ತಿಗೆ ಖಾಂಗ್ ಕೆಲಸದಿಂದ ಬರುತ್ತಿದ್ದ. ನನ್ನ ಗಂಡ. ಹೊಸ ವರ್ಷದ ಟೆಟ್ ಹಬ್ಬ ಮುಗಿದ ವಾರ ಸೇತುವೆಯ ಮೇಲೆ ಅವನ ಬೈಕಿಗೆ ಲಾರಿ ತಾಗಿತು.

"ಮನೇಲಿ ಸಕ್ಕರೆ ಕಾಯಿಲೆ ಇರೋರು ಯಾರಿದ್ದಾರೆ?" ಎಂದು ಹಾನ್ ಟೀಚರ್ ಕೇಳಿದರು. ಹೆಚ್ಚುಕಡಿಮೆ ಎಲ್ಲರ ಕೈಗಳೂ ಮೇಲೆದ್ದವು.

"ನಮ್ಮ ಊರು ಸಿಹಿ ಊರು," ಎಂದು ಅವರು ನಕ್ಕರು. "ನಿನ್ನೆ ಬೆಳಗಿಂದ ಮಲಗೋವರೆಗೆ ಏನೇನು ತಿಂದ್ರಿ ಅಂತ ಅವರನ್ನ ಕೇಳ್ಕೊಂಡು ಬನ್ನಿ. ಅವರು ನಮ್ಮ ಭಾಷೇಲೇ ಹೇಳ್ಲಿ. ನೀವು ಇಲ್ಲಿ ಬಂದು ಇಂಗ್ಲಿಷಲ್ಲಿ ಹೇಳಿ."

ನನ್ನ ರೋಗಿ ಮಾ, ಖಾಂಗ್‌ನ ತಾಯಿ. ಈಗ ಮನೆಯಲ್ಲಿರುವುದು ನಾವಿಬ್ಬರೇ. ಮಾತ್ರೆ ಬದಲಾಯಿಸಿದರೂ ಅವರ ಸಕ್ಕರೆ ಇಳಿದಿರಲಿಲ್ಲ. ಎಡಗಾಲಿನ ಬೆರಳಿನ ಹುಣ್ಣು ಮಾಯುತ್ತಿರಲಿಲ್ಲ. ಮುಂದಿನ ಪರೀಕ್ಷೆಯಲ್ಲೂ ಹೀಗೇ ಇದ್ದರೆ ಇನ್ಸುಲಿನ್ ಚುಚ್ಚಬೇಕು, ಆ ಬೆರಳು ಉಳಿಯುತ್ತದೆಂದು ಹೇಳಲಾರೆ ಎಂದು ಡಾಕ್ಟರು ಹೇಳಿದ್ದರು. ಬೆರಳು ಹೋದವರ ಪಾದ ಹೋಗುವುದನ್ನೂ ಪಾದ ಹೋದವರು ಹೋಗುವುದನ್ನೂ ನಮ್ಮ ಓಣಿಯಲ್ಲೇ ಕಂಡಿದ್ದೆ. ಮಾ ಹೋದರೆ ನನ್ನನ್ನು ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ.

ಮಾ ಜೋಳಿಗೆಯಂಥ ತೂಗುಹಾಸಿನಲ್ಲಿ ಮಲಗಿದ್ದರು. ನಾನು ಕುರ್ಚಿ ಎಳೆದು ಪಕ್ಕದಲ್ಲಿ ಕೂತೆ.

"ಮಾ, ನಿನ್ನೆ ಬೆಳಿಗ್ಗೆ ಏನು ತಿಂದ್ರಿ?"

"ನಿಂಗೊತ್ತಿಲ್ವಾ? ಓಟ್ಸು ಅಂತ ಆ ಅಂಟು ಕಲಸಿ ಕೊಟ್ಟೋಳು ನೀನೇ ಅಲ್ವಾ?"

"ಗೊತ್ತು. ನೀವು ಹೇಳ್ಬೇಕು. ಪಾಠ ಅದು."

"ಗೊತ್ತಿರೋದನ್ನೇ ಕೇಳೋದು ಕಲಿಸ್ತಾರಾ ಅಲ್ಲಿ? ಅದಕ್ಕೆ ಫೀಸ್ ಬೇರೆ!"

ಆದರೂ ಹೇಳಿದರು. ಮಧ್ಯಾಹ್ನ ಹಾಗಲಕಾಯಿ ಸಾರು, ಒಂದು ಸಣ್ಣ ಮೀನು, ಅರ್ಧ ಬಟ್ಟಲು ಕೆಂಪಕ್ಕಿ ಅನ್ನ. ರಾತ್ರಿ ಬೇಯಿಸಿದ ಸೊಪ್ಪು, ತೋಫು.

"ಸಿಹಿ?"

"ಸಿಹಿ ಮುಟ್ಟಿ ಎಷ್ಟು ಕಾಲ ಆಯ್ತೋ. ನಾಲಿಗೆ ಸತ್ತೇಹೋಗಿದೆ."

ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಅಳುಕಿರಲಿಲ್ಲ.

ಕ್ಲಾಸಿನಲ್ಲಿ ಎದ್ದು ನಿಂತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನ ಸಾಲಿನ ಟಿನ್ ಎಂಬ ಹುಡುಗ ಜಿಮ್ಮಿನಲ್ಲಿ ತರಬೇತಿ ಕೊಡುವವನು. "ಈ ಅಜ್ಜಿ ನಮ್ಮ ಜಿಮ್ಮಿಗೆ ಬರ್ಲಿ ಅಕ್ಕ, ನಾನೇ ಅವರ ಕಾಲಿಗೆ ಬೀಳ್ತೀನಿ," ಎಂದ.

ಹಾನ್ ಟೀಚರ್ ನಗಲಿಲ್ಲ. "ಇಷ್ಟೇ ತಿಂದ್ರೆ ಸಕ್ಕರೆ ಇಳೀಬೇಕಲ್ಲ, ಲಿಯೆನ್? ನೀವು ಓದಿದೋರು. ಏನೋ ಒಂದನ್ನ ನೀವು ಕೇಳಿಲ್ಲ."

"ಕದ್ದು ತಿಂತಾರೆ ಬಿಡಿ," ಎಂದ ಟಿನ್. "ನಮ್ಮಜ್ಜಿ ಸಿಹಿ ಹಾಲಿನ ಡಬ್ಬೀನ ಅಕ್ಕಿ ಡ್ರಮ್ಮಲ್ಲಿ ಹೂತಿಡ್ತಿದ್ರು."

ಎಲ್ಲರೂ ನಕ್ಕರು.

"ನಮ್ಮ ಅತ್ತೆ ಸುಳ್ಳು ಹೇಳಲ್ಲ," ಎಂದೆ.

"ಇಂಗ್ಲಿಷಲ್ಲಿ," ಎಂದರು ಟೀಚರ್.

ಇಂಗ್ಲಿಷಿನಲ್ಲಿ ಹೇಳಿದೆ. ಅದು ನಾನೇ ನಂಬದೆ ಹೇಳಿದ ಹಾಗೆ ಕೇಳಿಸಿತು.

ಮರುದಿನ ಭಾನುವಾರ. ಮಧ್ಯಾಹ್ನ ಮಾ ಎಂದಿನಂತೆ ಖಾಂಗ್‌ಗೆ ಊಟ ಇಟ್ಟರು. ಕಪಾಟಿನ ಮೇಲೆ ಅವನ ಫೋಟೋ. ಅದರ ಮುಂದೆ ತಟ್ಟೆ: ಬಿಳಿ ಅನ್ನ, ಎಳನೀರಿನಲ್ಲಿ ಬೆಲ್ಲದ ಬಣ್ಣ ಬರುವವರೆಗೆ ಬೇಯಿಸಿದ ಹಂದಿ ಮಾಂಸ, ತೆಂಗಿನ ಹಾಲಿನ ಬಾಳೆಹಣ್ಣಿನ ಪಾಯಸ, ಗಟ್ಟಿ ಸಿಹಿ ಹಾಲು ಹಾಕಿದ ಕಾಫಿ. ಬೇರೆ ಮನೆಗಳಲ್ಲಿ ನೂರನೆಯ ದಿನದ ಶಾಸ್ತ್ರ ಮುಗಿದ ಮೇಲೆ ಈ ನಿತ್ಯದ ಊಟ ನಿಲ್ಲುತ್ತದೆ. ನಮ್ಮಲ್ಲಿ ನಿಂತಿರಲಿಲ್ಲ. ನಾನೂ ಏಕೆಂದು ಕೇಳಿರಲಿಲ್ಲ.

ಸತ್ತವರಿಗೆ ಇಟ್ಟದ್ದನ್ನು ಚೆಲ್ಲುವಂತಿಲ್ಲ, ಮನೆಯವರೇ ಉಣ್ಣಬೇಕು. ನನ್ನಿಂದ ಅದನ್ನು ಉಣ್ಣಲಾಗುತ್ತಿರಲಿಲ್ಲ. ಊದುಬತ್ತಿ ಆರಿದ ಮೇಲೆ ಮಾ ತಟ್ಟೆ ಇಳಿಸಿಕೊಂಡು ಫೋಟೋದ ಎದುರು ನೆಲದ ಮೇಲೆ ಕೂರುವರು. ಒಂದೊಂದಾಗಿ ಬಟ್ಟಲು ಖಾಲಿ ಮಾಡುವರು. ಆಮೇಲೆ ತಮ್ಮ ಹಾಗಲಕಾಯಿ ಸಾರಿಗೆ ಬರುವರು. ಇದನ್ನು ನಾನು ದಿನವೂ ನೋಡುತ್ತಿದ್ದೆ. ಅದು ಖಾಂಗ್‌ನ ಊಟ. ಅದನ್ನು ಮಾ ತಿಂದದ್ದರ ಲೆಕ್ಕಕ್ಕೆ ಸೇರಿಸುವುದು ನನಗೂ ಹೊಳೆದಿರಲಿಲ್ಲ.

ಆ ದಿನ ಅವರು ಕಾಫಿಯ ಲೋಟ ಎತ್ತಿ ತಳದ ಹಾಲನ್ನು ಬಾಯಿಗೆ ಸುರಿದುಕೊಂಡಾಗ ಹೊಳೆಯಿತು.

"ಮಾ, ಮೊನ್ನೆ ಕೇಳಿದಾಗ ಇದನ್ನ ಯಾಕೆ ಹೇಳ್ಲಿಲ್ಲ?"

"ಯಾವುದನ್ನ?"

"ಈಗ ತಿಂದದ್ದನ್ನ."

ಮಾ ಖಾಲಿ ಬಟ್ಟಲುಗಳನ್ನು ನೋಡಿದರು. "ನಾನೆಲ್ಲಿ ತಿಂದೆ? ಇದು ಅವನ ಊಟ."

"ಊಟ ಅವನದೇ. ಸಕ್ಕರೆ ನಿಮ್ಮ ರಕ್ತಕ್ಕೆ ಹೋಗ್ತಿದೆ, ಮಾ."

ಅವರು ಲೋಟವನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟರು. "ಒಂದಿನ ಆದ್ರೂ ನೀನು ಬಂದು ಜೊತೇಲಿ ಕೂತಿದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಸಿಹಿ ಇಲ್ದಿರೋದು ಇಡೋಣ," ಎಂದೆ. "ಸೊಪ್ಪು, ಮೀನು."

"ಸೊಪ್ಪು ತಿನ್ನಿಸೋಕೆ ಅವನನ್ನ ಅಷ್ಟು ದೂರದಿಂದ ಕರೀಬೇಕಾ? ಕರೆದ್ಮೇಲೆ ಅವನಿಗೆ ಬೇಕಾದ್ದು ಇಡ್ಬೇಕು. ಇಲ್ಲಾಂದ್ರೆ ಕರೀಬಾರ್ದು." ಕೆಂಪಾಗಿದ್ದ ಕಾಲ್ಬೆರಳನ್ನು ಒಮ್ಮೆ ನೋಡಿಕೊಂಡರು. "ನಿಲ್ಸೋದಾದ್ರೆ ನಿಲ್ಸು. ನನ್ನ ಬಾಯಲ್ಲಿ ಆ ಮಾತು ಬರಲ್ಲ. ನೀನೇ ಹೇಳು ಅವನಿಗೆ. ಹೆಂಡ್ತಿ ನೀನು."

ತಟ್ಟೆ ಎತ್ತಿಕೊಂಡು ಕುಂಟುತ್ತ ಒಳಗೆ ಹೋದರು.

ನಾನು ಊದುಬತ್ತಿ ಹಚ್ಚಿದೆ. ಕ್ಲಾಸಿನಲ್ಲಿ ಕಲಿತ ಮಾತುಗಳೆಲ್ಲ ತಲೆಯಲ್ಲಿದ್ದವು. ಪರಿಚಯವಿಲ್ಲದವರಿಗೆ ನೋವಾಗದಂತೆ ಹೇಳುವ ಮಾತುಗಳು. ಫೋಟೋದಲ್ಲಿ ಖಾಂಗ್ ತನ್ನ ಕಂಪನಿಯ ಅಂಗಿ ಹಾಕಿಕೊಂಡು ನನ್ನನ್ನು ನೋಡುತ್ತಿದ್ದ.

"ನಾಳೆಯಿಂದ ಊಟ ಇಡಲ್ಲ," ಎಂದೆ. "ಮಾಗೆ ಶುಗರ್ ಜಾಸ್ತಿ ಆಗಿದೆ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. "ಗಟ್ಟಿಯಾಗಿ ಹೇಳು," ಎಂದರು ಮಾ. "ಒಂದೇ ಸಲಕ್ಕೆ ಅವನು ಯಾವತ್ತು ಕೇಳಿಸ್ಕೊಂಡಿದ್ದಾನೆ?"

ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ತಿಥಿಗೆ ಕರೆಯುತ್ತೇವೆ, ಟೆಟ್‌ಗೆ ಕರೆಯುತ್ತೇವೆ ಎಂದೂ ಸೇರಿಸಿದೆ. ನಲ್ಲಿ ಮತ್ತೆ ಶುರುವಾಯಿತು.

ಆಮೇಲೆ ನಮ್ಮ ಮಧ್ಯಾಹ್ನದ ಊಟ ಬೇಗ ಮುಗಿಯತೊಡಗಿತು. ಮಾ ಮಾತಾಡುವುದು ಕಡಿಮೆ ಮಾಡಿದರು. ನನ್ನ ಮೇಲೆ ಕೋಪವೇನೂ ಇರಲಿಲ್ಲ. ಮೀನಿನ ಮುಳ್ಳು ಬಿಡಿಸಿ ನನ್ನ ಬಟ್ಟಲಿಗೆ ಹಾಕುತ್ತಿದ್ದರು, ನಾನು ತಿನ್ನುತ್ತಿದ್ದೆ. ರೋಗಿ ಸಿಹಿ ಬಿಟ್ಟರು ಎಂದು ಕ್ಲಾಸಿನಲ್ಲಿ ವರದಿ ಒಪ್ಪಿಸಿದೆ. ಅವರನ್ನು ಹೇಗೆ ಒಪ್ಪಿಸಿದಿರಿ ಎಂದು ಟೀಚರ್ ಇಂಗ್ಲಿಷಿನಲ್ಲಿ ಕೇಳಿದರು. ಮಾತಾಡಿದೆವು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಒಳ್ಳೆಯ ವಾಕ್ಯ ಎಂದರು.

ಪರೀಕ್ಷೆಯ ದಿನ ಡಾಕ್ಟರು ಕಾಗದ ನೋಡಿ ಹುಬ್ಬೇರಿಸಿದರು. ಬಗ್ಗಿ ಬೆರಳನ್ನೂ ನೋಡಿದರು. ಹುಣ್ಣಿನ ಅಂಚಿನಲ್ಲಿ ಹೊಸ ಚರ್ಮ ಬಂದಿತ್ತು.

"ಇಳಿದಿದೆಯಲ್ಲಮ್ಮ! ಸೂಜಿ ಬೇಡ. ಬೆರಳಿಗೂ ಭಯ ಇಲ್ಲ. ಮನೇಲಿ ಏನು ಬದಲಾಯ್ಸಿದ್ರಿ?"

ಮಾ ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದರು. "ಮಗ ಈಗ ಮನೇಲಿ ಊಟ ಮಾಡಲ್ಲ," ಎಂದರು.

"ಒಳ್ಳೇದೇ ಆಯ್ತು ಬಿಡಿ," ಎಂದರು ಡಾಕ್ಟರು, ಕಂಪ್ಯೂಟರಿನಲ್ಲಿ ಏನನ್ನೋ ಒತ್ತುತ್ತ. "ಗಂಡು ಹುಡುಗರಿದ್ರೆ ಮನೇಗೆ ಸಿಹಿ ಬರೋದು ಜಾಸ್ತಿ."

ಹೊರಗೆ ಬಂದ ಮೇಲೆ ಮಾ ಬಾಗಿಲ ಬಳಿ ಬಗ್ಗಿ ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಅವರ ಎದುರಿಗೇ ಇತ್ತು. ನಾನೂ ಬಗ್ಗಿ ಅವರ ಜೊತೆ ಹುಡುಕಿದೆ.